ಅನ್ಯಸೇವೆ: ಎರಡು ಸರ್ಕಾರಗಳ ನಡುವಿನ ನೌಕರ

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ನಿತ್ಯ ಬಳಕೆಯಾಗುವ ಪದಗಳಲ್ಲಿ ‘ಅನ್ಯಸೇವೆ’ ಎಂಬುದೂ ಒಂದು. ಕಂದಾಯ ಇಲಾಖೆಯ ನೌಕರನೊಬ್ಬನನ್ನು ಯಾವುದೋ ನಿಗಮಕ್ಕೋ ಮಂಡಳಿಗೋ ಕೆಲವು ವರ್ಷಗಳ ಮಟ್ಟಿಗೆ ಕಳುಹಿಸಿದಾಗ, ಆತನ ಸೇವಾ ವಹಿಯಲ್ಲಿ ಆ ಅವಧಿಯನ್ನು ಅನ್ಯಸೇವೆ ಎಂದು ನಮೂದಿಸಲಾಗುತ್ತದೆ. ಇಂಗ್ಲಿಷಿನ ನಿಯಮಪುಸ್ತಕಗಳಲ್ಲಿ ಇದಕ್ಕಿರುವ ಹೆಸರು ‘ಫಾರಿನ್ ಸರ್ವಿಸ್’. ಚನ್ನಗಿರಿಯಿಂದ ದಾವಣಗೆರೆಯ ಒಂದು ಮಂಡಳಿಗೆ ಹೋದವನ ಸೇವೆ ‘ಫಾರಿನ್’ ಎನಿಸಿಕೊಳ್ಳುವುದು ಮೇಲುನೋಟಕ್ಕೆ ವಿಚಿತ್ರವಾಗಿ ಕಂಡರೂ, ನಿಯಮದ ದೃಷ್ಟಿಯಲ್ಲಿ ಅದಕ್ಕೆ ಖಚಿತವಾದ ಅರ್ಥವಿದೆ. ನೌಕರನ ವೇತನವು ಭಾರತದ ಅಥವಾ ರಾಜ್ಯದ ಸಂಚಿತ ನಿಧಿಯಿಂದ, ಎಂದರೆ ತೆರಿಗೆ ಮತ್ತಿತರ ಆದಾಯವೆಲ್ಲ ಸೇರುವ ಸರ್ಕಾರದ ಮೂಲ ಖಜಾನೆಯಿಂದ ಬಾರದೆ, ಸರ್ಕಾರದ ಒಪ್ಪಿಗೆಯ ಮೇರೆಗೆ ಬೇರೊಂದು ಮೂಲದಿಂದ ಬರುತ್ತಿದ್ದರೆ ಅದು ಅನ್ಯಸೇವೆ. ಆ ಬೇರೊಂದು ಮೂಲವು ಪಕ್ಕದ ಊರಿನ ಮಂಡಳಿಯಾಗಿರಬಹುದು, ಪರದೇಶದ ಸರ್ಕಾರವೂ ಆಗಿರಬಹುದು. ಈ ಎರಡು ಅರ್ಥಗಳು ಒಂದೇ ಪದದಲ್ಲಿ ಕೂಡಿಕೊಂಡಿರುವುದರ ಹಿಂದೆ ಒಂದು ಚರಿತ್ರೆಯಿದ್ದು, ಅದರಲ್ಲಿ ಸಂತೇಬೆನ್ನೂರು, ಹೊನ್ನಾಳಿ, ಜಗಳೂರುಗಳಂಥ ಗಡಿಸೀಮೆಯ ಊರುಗಳಿಗೂ ಪಾಲಿದೆ.

ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಸೀಮೆಗಳು ಸ್ವಾತಂತ್ರ್ಯಕ್ಕೆ ಮೊದಲು ಮೈಸೂರು ಸಂಸ್ಥಾನದ ಉತ್ತರದ ಅಂಚಿನಲ್ಲಿದ್ದವು. ಹೊನ್ನಾಳಿಯ ನೆರೆಯ ರಾಣೆಬೆನ್ನೂರು, ಹಿರೇಕೆರೂರುಗಳು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಜಗಳೂರಿನ ನೆರೆಯ ಹರಪನಹಳ್ಳಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಭಾಷೆ, ಬೆಳೆ, ಬಂಧುತ್ವಗಳೆಲ್ಲ ಒಂದೇ ಆಗಿದ್ದರೂ ಸರ್ಕಾರ ಮಾತ್ರ ಬೇರೆಯಾಗಿತ್ತು. ಹೊನ್ನಾಳಿಯ ಶಾಲೆಯಲ್ಲಿ ಮೈಸೂರು ಮಹಾರಾಜರ ಸಂಬಳ ಪಡೆಯುತ್ತಿದ್ದ ಉಪಾಧ್ಯಾಯನು ರಾಣೆಬೆನ್ನೂರಿನ ಸರ್ಕಾರಿ ಶಾಲೆಗೆ ಸೇರಿದರೆ ಅದು ಒಂದು ವರ್ಗಾವಣೆಯಾಗುತ್ತಿರಲಿಲ್ಲ. ಒಬ್ಬ ಒಡೆಯನನ್ನು ಬಿಟ್ಟು ಇನ್ನೊಬ್ಬ ಒಡೆಯನ ಬಳಿಗೆ ಹೋದಂತಾಗುತ್ತಿತ್ತು. ಬ್ರಿಟಿಷರ ಲೆಕ್ಕಪತ್ರದ ದೃಷ್ಟಿಯಿಂದಲೂ ಮೈಸೂರು ಹೊರಗಿನದೇ. ಅಲ್ಲಿನ ಹುದ್ದೆಯ ವೇತನ ಬ್ರಿಟಿಷ್ ಇಂಡಿಯಾದ ಖಜಾನೆಯಿಂದ ಬರುತ್ತಿರಲಿಲ್ಲವಾದ್ದರಿಂದ, ಆ ಖಜಾನೆಯ ನೌಕರನಿಗೆ ಸಂಸ್ಥಾನದ ಕೆಲಸ ಅನ್ಯಸೇವೆಯಾಗಿತ್ತು. 1922ರ ಜನವರಿ 1ರಿಂದ ಜಾರಿಗೆ ಬಂದ ‘ಫಂಡಮೆಂಟಲ್ ರೂಲ್ಸ್’ ಎಂಬ ಮೂಲ ನಿಯಮಗಳಲ್ಲಿ ಅನ್ಯಸೇವೆಗೆ ಮೀಸಲಾದ ಅಧ್ಯಾಯವೊಂದಿದ್ದು, ಅದರ ಅಚ್ಚಿನಲ್ಲೇ ಸ್ವತಂತ್ರ ಭಾರತದ ಕೇಂದ್ರ ಮತ್ತು ರಾಜ್ಯಗಳ ನಿಯಮಗಳು ಇಂದಿಗೂ ನಡೆದುಕೊಂಡು ಬಂದಿವೆ.

ಒಂದು ಸರ್ಕಾರದ ನೌಕರರು ಇನ್ನೊಂದು ಸರ್ಕಾರದ ಅಧಿಕಾರ ನಡೆಸುವ ಪರಿಪಾಠ ಮೈಸೂರಿನಲ್ಲಿ ಆಳವಾಗಿ ಬೇರೂರಲು ಕಾರಣವಾದ ಘಟನೆಗಳಲ್ಲಿ 1830–31ರ ನಗರ ದಂಗೆ ಪ್ರಮುಖವಾದುದು. ಹೊನ್ನಾಳಿಯೂ ಸೇರಿದಂತೆ ನಗರ ಸೀಮೆಯ ರೈತರು ಎದ್ದು ನಿಂತ ಆ ಬಂಡಾಯವನ್ನು ನೆಪವಾಗಿಟ್ಟುಕೊಂಡು ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತವನ್ನು ವಶಪಡಿಸಿಕೊಂಡರು. ಅಂದಿನಿಂದ 1881ರ ಮಾರ್ಚ್ 25ರವರೆಗೆ, ಐವತ್ತು ವರ್ಷಗಳ ಕಾಲ, ಮಹಾರಾಜರ ನಾಡನ್ನು ಕಮಿಷನರರ ಮೂಲಕ ಬ್ರಿಟಿಷ್ ಅಧಿಕಾರಿಗಳೇ ಆಳಿದರು. ಅಧಿಕಾರ ಮರಳಿ ಬಂದ ಮೇಲೆ ಮೊದಲ ದಿವಾನರಾದ ಸಿ. ರಂಗಾಚಾರ್ಲು ಅವರೂ ಮದರಾಸು ಸರ್ಕಾರದ ಸೇವೆಯಿಂದ ಮೈಸೂರಿಗೆ ಬಂದವರೇ.

ಹೀಗೆ ಬರುವುದಕ್ಕೆ ಎರಡು ದಾರಿಗಳಿದ್ದವು. ಅವುಗಳ ನಡುವಿನ ವ್ಯತ್ಯಾಸ ಅರ್ಥವಾದರೆ ಇಂದಿನ ನಿಯಮಗಳ ಮರ್ಮವೂ ಅರ್ಥವಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿ, ಅವಧಿಗೆ ಮೊದಲೇ ಸ್ವಇಚ್ಛೆಯಿಂದ ಅಲ್ಲಿನ ಸೇವೆಯನ್ನು ಮುಗಿಸಿದರು. ಆಮೇಲೆ ಮೂಸಿ ನದಿಯ 1908ರ ಪ್ರವಾಹದಿಂದ ನಲುಗಿದ ಹೈದರಾಬಾದಿನಲ್ಲಿ ನಿಜಾಮರ ಸರ್ಕಾರಕ್ಕಾಗಿ ದುಡಿದು, 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ, 1912ರಿಂದ 1918ರವರೆಗೆ ದಿವಾನರಾಗಿ ಕೆಲಸ ಮಾಡಿದರು. ಅವರದು ಹಳೆಯ ನಂಟನ್ನು ಕಳಚಿಕೊಂಡು ಹೊಸದನ್ನು ಹಿಡಿದ ದಾರಿ. ಸರ್ ಆಲ್ಬಿಯನ್ ಬ್ಯಾನರ್ಜಿಯವರದು ಇನ್ನೊಂದು ದಾರಿ. ಅವರು ಭಾರತೀಯ ಸಿವಿಲ್ ಸೇವೆಯ ಅಧಿಕಾರಿಯಾಗಿದ್ದುಕೊಂಡೇ 1907ರಿಂದ 1914ರವರೆಗೆ ಕೊಚ್ಚಿಯ ದಿವಾನರಾಗಿಯೂ 1922ರಿಂದ 1926ರವರೆಗೆ ಮೈಸೂರಿನ ದಿವಾನರಾಗಿಯೂ ಇದ್ದರು. ಇಂಥವರ ಸೇವೆಯನ್ನು ಬ್ರಿಟಿಷ್ ಸರ್ಕಾರ ಸಂಸ್ಥಾನಕ್ಕೆ ಎರವಲು ಕೊಟ್ಟಂತೆ. ಎರವಲು ಕೊಟ್ಟದ್ದು ಒಂದು ದಿನ ಮರಳಿ ಬರಬೇಕಾದ್ದರಿಂದ, ಕೊಟ್ಟವರಿಗೂ ಪಡೆದವರಿಗೂ ಹೋದ ವ್ಯಕ್ತಿಗೂ ನಡುವೆ ಲೆಕ್ಕ ಇರಲೇಬೇಕಾಗುತ್ತದೆ.

ಆ ಲೆಕ್ಕವೇ ಅನ್ಯಸೇವೆಯ ನಿಯಮಗಳ ಜೀವಾಳ. ನೌಕರನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಅನ್ಯಸೇವೆಗೆ ಕಳುಹಿಸುವಂತಿಲ್ಲ ಎಂಬುದು ಮೊದಲ ತತ್ವ. ಅವನ ಮೂಲ ಹುದ್ದೆಯ ಮೇಲಿನ ಹಕ್ಕು, ಕಚೇರಿಯ ಭಾಷೆಯಲ್ಲಿ ‘ಲೀನ್’ ಎನ್ನುವುದು, ಅವನು ಹೊರಗಿರುವಾಗಲೂ ಉಳಿಯುತ್ತದೆ. ಮೂಲ ಇಲಾಖೆಯಲ್ಲಿ ಅವನ ಬಡ್ತಿಯ ಅವಕಾಶಕ್ಕೆ ಕುಂದು ಬರುವುದಿಲ್ಲ. ಅವನನ್ನು ಎರವಲು ಪಡೆದ ಸಂಸ್ಥೆಯೇ ವೇತನ ಕೊಡುತ್ತದೆ. ಆದರೆ ಮುಂದೆ ಅವನಿಗೆ ನಿವೃತ್ತಿ ವೇತನ ಕೊಡಬೇಕಾದುದೂ ಗಳಿಸಿದ ರಜೆಗೆ ಸಂಬಳ ಕೊಡಬೇಕಾದುದೂ ಮೂಲ ಸರ್ಕಾರವೇ ಆದ್ದರಿಂದ, ಆ ಬಾಬ್ತಿಗಾಗಿ ಪಿಂಚಣಿ ವಂತಿಗೆ ಮತ್ತು ರಜೆ ವೇತನ ವಂತಿಗೆ ಎಂಬ ಎರಡು ಮೊತ್ತಗಳು ಅನ್ಯಸೇವೆಯ ಅವಧಿಯುದ್ದಕ್ಕೂ ಮೂಲ ಖಜಾನೆಗೆ ಜಮೆಯಾಗಬೇಕು. ವಂತಿಗೆ ಕಟ್ಟದೆ ಉಳಿದರೆ, ಹತ್ತಾರು ವರ್ಷಗಳ ನಂತರ ಪಿಂಚಣಿ ಕಡತ ಮಹಾಲೇಖಪಾಲರ ಕಚೇರಿಗೆ ಹೋದಾಗ ಆಕ್ಷೇಪಣೆ ಬರುತ್ತದೆ. ಅನ್ಯಸೇವೆಗೆ ಹೋಗುವವನು ಹೊಸ ಹುದ್ದೆಯ ಸಂಬಳವೆಷ್ಟೆಂದು ವಿಚಾರಿಸುವುದಕ್ಕಿಂತ ಮೊದಲು ವಂತಿಗೆಯನ್ನು ಯಾರು ಕಟ್ಟುವರೆಂದು ಲಿಖಿತವಾಗಿ ಗೊತ್ತುಮಾಡಿಕೊಳ್ಳುವುದೇ ಲೇಸು.

ಕಟ್ಟುಪಾಡು ಏಕಮುಖವಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಮೈಸೂರಿನ ಅರಸರೊಂದಿಗೆ ಮಾಡಿಕೊಂಡ ಸಹಾಯಕ ಸೈನ್ಯ ಒಪ್ಪಂದದಲ್ಲಿ, ಕಂಪನಿಯ ಸಮ್ಮತಿಯಿಲ್ಲದೆ ಬೇರೆ ಯೂರೋಪಿಯನ್ನರನ್ನು ಸೇವೆಗೆ ಸೇರಿಸಿಕೊಳ್ಳಕೂಡದೆಂಬ ಕರಾರಿತ್ತು. 1881ರ ಅಧಿಕಾರ ಹಸ್ತಾಂತರ ಪತ್ರದಲ್ಲಿ, ಭಾರತೀಯನಲ್ಲದ ಯಾರನ್ನೇ ನೇಮಿಸಿಕೊಳ್ಳಬೇಕಾದರೂ ಗವರ್ನರ್ ಜನರಲ್‌ರ ಪೂರ್ವಾನುಮತಿ ಬೇಕೆಂದು ಬರೆಯಲಾಯಿತು. ನೌಕರನು ಪರಸರ್ಕಾರದ ಹುದ್ದೆ ಹಿಡಿಯಲು ತನ್ನ ಸರ್ಕಾರವನ್ನು ಕೇಳಬೇಕಾಗಿದ್ದಂತೆ, ಅರಸನು ಪರದೇಶೀಯನಿಗೆ ಹುದ್ದೆ ಕೊಡಲು ತನ್ನ ಮೇಲಿನವರನ್ನು ಕೇಳಬೇಕಾಗಿತ್ತು. ಹುದ್ದೆಯ ಜೊತೆಗೆ ನಿಷ್ಠೆಯೂ ಕೈ ಬದಲಾಯಿಸುತ್ತದೆ ಎಂಬ ಎಚ್ಚರ ಎರಡೂ ಕಡೆ ಇತ್ತು.

ಅದೇ ಎಚ್ಚರವನ್ನು ಭಾರತದ ಸಂವಿಧಾನವು ತನ್ನ 18ನೇ ವಿಧಿಯಲ್ಲಿ ಇರಿಸಿಕೊಂಡಿದೆ. ಬಿರುದುಗಳ ರದ್ದತಿಗಾಗಿ ಹೆಸರಾದ ಈ ವಿಧಿಯ ನಾಲ್ಕನೆಯ ಖಂಡವು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ರಾಜ್ಯದ ಅಧೀನದಲ್ಲಿ ಲಾಭದ ಅಥವಾ ವಿಶ್ವಾಸದ ಹುದ್ದೆಯಲ್ಲಿರುವ ಯಾವ ವ್ಯಕ್ತಿಯೂ ರಾಷ್ಟ್ರಪತಿಗಳ ಸಮ್ಮತಿಯಿಲ್ಲದೆ ಯಾವುದೇ ವಿದೇಶಿ ರಾಜ್ಯದಿಂದ ಅಥವಾ ಅದರ ಅಧೀನದಲ್ಲಿ ಉಡುಗೊರೆಯನ್ನಾಗಲಿ, ಸಂಭಾವನೆಯನ್ನಾಗಲಿ, ಯಾವುದೇ ಬಗೆಯ ಹುದ್ದೆಯನ್ನಾಗಲಿ ಸ್ವೀಕರಿಸಕೂಡದು ಎಂಬುದು ಅದರ ತಾತ್ಪರ್ಯ. ಅಮೆರಿಕದ 1787ರ ಸಂವಿಧಾನದಲ್ಲಿರುವ ಇಂಥದೇ ನಿಷೇಧದ ಮಾತುಗಳಿಗೂ ಇದಕ್ಕೂ ಹತ್ತಿರದ ಹೋಲಿಕೆಯಿದೆ. ಅಲ್ಲಿ ಸಮ್ಮತಿ ಕೊಡಬೇಕಾದುದು ಕಾಂಗ್ರೆಸ್, ಇಲ್ಲಿ ರಾಷ್ಟ್ರಪತಿಗಳು.

ಈ ಖಂಡದ ಒಂದೊಂದು ಮಾತೂ ತೂಕದ್ದು. ‘ಯಾವುದೇ ಬಗೆಯ ಹುದ್ದೆ’ ಎಂದಿರುವುದರಿಂದ ಸಂಬಳವಿಲ್ಲದ ಗೌರವ ಹುದ್ದೆಯೂ ಅದರೊಳಗೆ ಬರುತ್ತದೆ. ವಿದೇಶವೊಂದರ ಗೌರವ ಕಾನ್ಸಲ್ ಆಗಲು ವ್ಯಾಪಾರಿಯೊಬ್ಬನಿಗೆ ಈ ಖಂಡ ಅಡ್ಡಿಯಾಗದು, ಸರ್ಕಾರಿ ನೌಕರನಿಗೆ ಆಗುತ್ತದೆ. ‘ವ್ಯಕ್ತಿ’ ಎಂದಿರುವುದರಿಂದ, ಭಾರತದ ಪ್ರಜೆಯಲ್ಲದಿದ್ದರೂ ಇಲ್ಲಿನ ಹುದ್ದೆಯಲ್ಲಿರುವವನಿಗೆ ಅದು ಅನ್ವಯಿಸುತ್ತದೆ. ಇನ್ನು ‘ರಾಜ್ಯ’ ಎಂಬ ಮಾತು. ಮೂಲಭೂತ ಹಕ್ಕುಗಳ ಭಾಗದಲ್ಲಿ ಆ ಮಾತಿಗೆ 12ನೇ ವಿಧಿ ಕೊಡುವ ಅರ್ಥ ವಿಶಾಲವಾದುದು: ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ಸ್ಥಳೀಯ ಸಂಸ್ಥೆಗಳು, ಸರ್ಕಾರದ ಹಿಡಿತದಲ್ಲಿರುವ ಇತರ ಪ್ರಾಧಿಕಾರಗಳು ಎಲ್ಲವೂ ಅದರಲ್ಲಿ ಸೇರುತ್ತವೆ. ಸಂತೇಬೆನ್ನೂರನ್ನೇ ತೆಗೆದುಕೊಂಡರೆ, ಅಲ್ಲಿನ ಪುಷ್ಕರಣಿಯ ರಕ್ಷಣೆಯ ಹೊಣೆ ಹೊತ್ತಿರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ನೌಕರ ಮತ್ತು ಅಂಚೆ ಕಚೇರಿಯ ಗುಮಾಸ್ತ ಕೇಂದ್ರದ ನಿಯಮಗಳಿಗೆ ಒಳಪಟ್ಟವರು. ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು, ಪಶುವೈದ್ಯರು ಕರ್ನಾಟಕದ ನಿಯಮಗಳಿಗೆ ಒಳಪಟ್ಟವರು. ಗ್ರಾಮ ಪಂಚಾಯಿತಿಯ ನೌಕರರ ಕಟ್ಟಳೆ ಮತ್ತೊಂದು. ಒಂದೇ ಊರಿನ ಈ ಹಲವು ಬಗೆಯ ನೌಕರರ ನಿಯಮಪುಸ್ತಕಗಳು ಬೇರೆಬೇರೆಯಾದರೂ, 18ನೇ ವಿಧಿಯ ನಾಲ್ಕನೆಯ ಖಂಡ ಅವರೆಲ್ಲರ ತಲೆಯ ಮೇಲೂ ಇರುವ ಒಂದೇ ಸೂರು.

ಇಲ್ಲಿ ಹೆಚ್ಚಿನವರು ನಿರೀಕ್ಷಿಸದ ಒಂದು ತಿರುವಿದೆ. ವಿದೇಶಿ ರಾಜ್ಯವೆಂದರೆ ಭಾರತವನ್ನುಳಿದ ಯಾವುದೇ ರಾಜ್ಯ ಎಂದು 367ನೇ ವಿಧಿ ಹೇಳುತ್ತದೆ. ಆದರೆ ಯಾವುದಾದರೂ ರಾಜ್ಯವನ್ನು ನಿರ್ದಿಷ್ಟ ಉದ್ದೇಶಗಳಿಗಾಗಿ ವಿದೇಶಿ ರಾಜ್ಯವಲ್ಲವೆಂದು ಘೋಷಿಸುವ ಅಧಿಕಾರವನ್ನು ಅದೇ ವಿಧಿ ರಾಷ್ಟ್ರಪತಿಗಳಿಗೆ ಕೊಡುತ್ತದೆ. ಆ ಅಧಿಕಾರದಡಿ ಹೊರಟ 1950ರ ಆದೇಶವೊಂದು, ಸಂಸತ್ತಿನ ಕಾನೂನಿಗೆ ಒಳಪಟ್ಟು, ಕಾಮನ್‌ವೆಲ್ತ್ ಕೂಟದ ಪ್ರತಿಯೊಂದು ದೇಶವೂ ಸಂವಿಧಾನದ ಉದ್ದೇಶಗಳಿಗೆ ವಿದೇಶಿ ರಾಜ್ಯವಲ್ಲವೆಂದು ಸಾರಿತು. ಇದರ ಫಲವಾಗಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಶ್ರೀಲಂಕಾ, ಮಾರಿಷಸ್‌ಗಳು 18ನೇ ವಿಧಿಯ ಕಣ್ಣಿಗೆ ವಿದೇಶಿ ರಾಜ್ಯಗಳಲ್ಲ. ಅಮೆರಿಕ, ಜರ್ಮನಿ, ಜಪಾನ್, ಕೊಲ್ಲಿಯ ಅರಬ್ ರಾಷ್ಟ್ರಗಳು ವಿದೇಶಿ ರಾಜ್ಯಗಳು. ನಮಗೆ ಅತಿ ಆಪ್ತವಾದ ನೇಪಾಳ ಮತ್ತು ಭೂತಾನಗಳೂ ಆ ಕೂಟದಲ್ಲಿ ಇಲ್ಲದಿರುವುದರಿಂದ ವಿದೇಶಿ ರಾಜ್ಯಗಳೇ. ಗಡಿ ದಾಟಲು ವೀಸಾ ಬೇಡದ ನೆರೆನಾಡಿನ ಹುದ್ದೆಗೆ ರಾಷ್ಟ್ರಪತಿಗಳ ಸಮ್ಮತಿ ಬೇಕು, ಏಳು ಸಾವಿರ ಕಿಲೋಮೀಟರಿಗೂ ಆಚೆಯ ಲಂಡನ್ನಿನ ಹುದ್ದೆಗೆ ಈ ವಿಧಿಯಂತೆ ಬೇಡ ಎಂಬ ಸ್ಥಿತಿ ಇಂದಿನ ಓದುಗನಿಗೆ ಅಸಂಗತವೆನಿಸಿದರೆ ಅದು ಸಹಜವೇ. ಗಣರಾಜ್ಯವಾದ ಮೇಲೂ ಕಾಮನ್‌ವೆಲ್ತ್‌ನಲ್ಲಿ ಉಳಿಯಬೇಕೆಂದು ಭಾರತ ತೀರ್ಮಾನಿಸಿದ ಹೊತ್ತಿನ ರಾಜಕಾರಣದ ಗುರುತು ಅದು, ಮತ್ತು ಮರುಪರಿಶೀಲನೆಗೆ ಯೋಗ್ಯವಾದುದು.

ಆದರೆ ಈ ಆದೇಶವನ್ನೇ ನಂಬಿ ಹೆಜ್ಜೆಯಿಡುವವನು ಎಡವುತ್ತಾನೆ. ಚನ್ನಗಿರಿಯ ಸರ್ಕಾರಿ ಆಸ್ಪತ್ರೆಯ ವೈದ್ಯರೊಬ್ಬರು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯನ್ನು ಸೇರುತ್ತಾರೆಂದು ಭಾವಿಸಿದರೆ, ಸಂವಿಧಾನದ ನಿಷೇಧ ಅವರನ್ನು ತಡೆಯದಿದ್ದರೂ ಸೇವಾ ನಿಯಮಗಳು ತಡೆಯುತ್ತವೆ. ಪೂರ್ವಾನುಮತಿಯಿಲ್ಲದೆ ಬೇರೆ ಯಾವ ಉದ್ಯೋಗವನ್ನೂ ಕೈಗೊಳ್ಳಕೂಡದೆಂದು 1966ರ ನಡತೆ ನಿಯಮಗಳು ವಿಧಿಸಿದ್ದವು. ಅವುಗಳ ಸ್ಥಾನದಲ್ಲಿ ಬಂದ ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021 ಕೂಡ ಅದನ್ನೇ ಮುಂದುವರಿಸಿವೆ. ಬೇರೆ ಉದ್ಯೋಗವೆಂಬುದರಲ್ಲಿ ಹೊಸದುರ್ಗದ ಅಂಗಡಿಯೂ ಹಾಂಬರ್ಗಿನ ಕಚೇರಿಯೂ ಒಂದೇ. ಹಾಗೆಯೇ, ಬ್ರಿಟನ್ನಿನ ಪೌರತ್ವ ಪಡೆದವನು ಭಾರತದ ಪೌರತ್ವವನ್ನು ಕಳೆದುಕೊಳ್ಳುವುದಿಲ್ಲವೆಂಬ ತಪ್ಪು ತೀರ್ಮಾನಕ್ಕೂ ಎಡೆಯಿಲ್ಲ, ಏಕೆಂದರೆ 1955ರ ಪೌರತ್ವ ಕಾಯಿದೆಯು ‘ಬೇರೊಂದು ದೇಶ’ ಎಂಬ ಮಾತನ್ನೇ ಬಳಸಿದ್ದು, ಅದರಡಿ ಇಂಥ ವಿನಾಯಿತಿಯಿಲ್ಲ. ಸಾಗರೋತ್ತರ ಭಾರತೀಯ ಕಾರ್ಡು ಇದ್ದವರಿಗೂ ಸರ್ಕಾರಿ ನೇಮಕಾತಿಯಲ್ಲಿ ಸಮಾನ ಅವಕಾಶದ ಹಕ್ಕನ್ನು ಆ ಕಾಯಿದೆ ಕೊಟ್ಟಿಲ್ಲ.

ಕರ್ನಾಟಕದ ನೌಕರನೊಬ್ಬ ಇಂಥ ಅವಕಾಶವನ್ನು ಒಪ್ಪಿಕೊಳ್ಳಬೇಕಾದರೆ ಸಾಗಬೇಕಾದ ಹಾದಿ ಉದ್ದವಾದುದು. ಅರ್ಜಿ ಹಾಕುವ ಮುನ್ನವೇ ಇಲಾಖೆಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಪಾಸ್‌ಪೋರ್ಟ್ ಪಡೆಯುವಾಗಲೂ ತಾನು ಸರ್ಕಾರಿ ನೌಕರನೆಂಬುದನ್ನು ಮರೆಮಾಚದೆ ಇಲಾಖೆಗೆ ತಿಳಿಸಿರಬೇಕು. ರಜೆ ಮತ್ತು ದೇಶ ಬಿಡುವ ಅನುಮತಿ ಎರಡೂ ಪ್ರತ್ಯೇಕವಾಗಿ ಮಂಜೂರಾಗಬೇಕು. ಹುದ್ದೆ ವಿದೇಶಿ ರಾಜ್ಯದ್ದಾದರೆ ರಾಜ್ಯ ಸರ್ಕಾರದ ನಿರಾಕ್ಷೇಪಣೆಯೊಂದೇ ಸಾಲದು. ರಾಷ್ಟ್ರಪತಿಗಳು ಕೇಂದ್ರ ಮಂತ್ರಿಮಂಡಲದ ಸಲಹೆಯಂತೆ ನಡೆಯುವುದರಿಂದ, ರಾಷ್ಟ್ರಪತಿಗಳ ಸಮ್ಮತಿ ಎಂದರೆ ವಸ್ತುತಃ ದೆಹಲಿಯ ಸಮ್ಮತಿ. ಈ ಹಾದಿಯನ್ನು ಬಿಟ್ಟು, ಗಳಿಕೆ ರಜೆ ಹಾಕಿ ಹೊರದೇಶಕ್ಕೆ ಹೋಗಿ, ರಜೆ ಮುಗಿದ ಮೇಲೂ ಮರಳದೆ ಅಲ್ಲಿಯೇ ಕೆಲಸ ಹಿಡಿದವನು ಎರಡು ತಪ್ಪು ಮಾಡಿದಂತಾಗುತ್ತದೆ: ಅನಧಿಕೃತ ಗೈರುಹಾಜರಿ ಒಂದು, ಅನುಮತಿಯಿಲ್ಲದ ಉದ್ಯೋಗ ಇನ್ನೊಂದು. ಕರ್ನಾಟಕ ಸಿವಿಲ್ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957ರಂತೆ ವಿಚಾರಣೆ ನಡೆದರೆ ವಜಾ ಶಿಕ್ಷೆಯವರೆಗೂ ಅದು ಹೋಗಬಹುದು. ಕೇಳಿದ್ದರೆ ದೊರೆಯಬಹುದಾಗಿದ್ದ ಅನುಮತಿಯನ್ನು ಕೇಳದೆ ಇದ್ದುದರಿಂದ ಇಪ್ಪತ್ತು ವರ್ಷದ ಸೇವೆ ಮಣ್ಣುಪಾಲಾಗುವುದು ನಿಜಕ್ಕೂ ನೋವಿನ ಸಂಗತಿ.

ಸರ್ಕಾರವೇ ಕಳುಹಿಸಿಕೊಡುವ ಮಾರ್ಗವೂ ಇದೆ. 1964ರ ಸೆಪ್ಟೆಂಬರ್ 15ರಂದು ಆರಂಭವಾದ ಭಾರತೀಯ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಕಾರ್ಯಕ್ರಮವು ಇಲ್ಲಿನ ತಜ್ಞರನ್ನು ಮಿತ್ರದೇಶಗಳ ಸರ್ಕಾರಗಳಿಗೆ ನಿಯೋಜಿಸುತ್ತ ಬಂದಿದೆ. ಅದಕ್ಕೂ ಮೊದಲಿನ ದೊಡ್ಡ ನಿದರ್ಶನವೆಂದರೆ ಭಾರತದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರದು. ಹುದ್ದೆಯಲ್ಲಿರುವಾಗಲೇ ಅವರು 1953ರಲ್ಲಿ ಸೂಡಾನಿಗೆ ಹೋಗಿ, ಆ ದೇಶದ ಮೊದಲ ಸಾರ್ವತ್ರಿಕ ಚುನಾವಣೆಯನ್ನು ನಡೆಸಿದ ಆಯೋಗದ ಅಧ್ಯಕ್ಷರಾಗಿದ್ದರು.

ಪರದೇಶದ ಸರ್ಕಾರ ಬೇರೆ, ಅಂತರರಾಷ್ಟ್ರೀಯ ಸಂಸ್ಥೆ ಬೇರೆ ಎಂಬುದನ್ನು ಕನ್ನಡ ನಾಡಿನ ಇಬ್ಬರು ಹಿರಿಯರ ಬದುಕು ಸ್ಪಷ್ಟಪಡಿಸುತ್ತದೆ. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾವ್ ಅವರು ಭಾರತೀಯ ಸಿವಿಲ್ ಸೇವೆಗೆ ಸೇರಿ, ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿ, 1944–45ರಲ್ಲಿ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿ, 1946ರಿಂದ ಸಂವಿಧಾನ ಸಭೆಯ ಸಲಹೆಗಾರರಾಗಿ ದುಡಿದರು. 1947ರ ಅಕ್ಟೋಬರಿನಲ್ಲಿ ಭಾರತದ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಅವರೇ, ಅದೇ ವರ್ಷ ಬರ್ಮಾದ ಸಂವಿಧಾನ ರಚನೆಗೂ ನೆರವಾಗಿದ್ದರು. 1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ವಹಿಸಿದಾಗ ಅವರು ಭಾರತದ ಪ್ರತಿನಿಧಿಯೇ ಆಗಿದ್ದರು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದಾಗ ಯಾವ ಒಂದು ದೇಶದ ಸೇವಕರೂ ಆಗಿರಲಿಲ್ಲ. ಒಬ್ಬ ವ್ಯಕ್ತಿ ಎಷ್ಟು ಬಗೆಯ ಒಡೆತನಗಳ ಕೆಳಗೆ ಪ್ರಾಮಾಣಿಕವಾಗಿ ದುಡಿಯಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು 1953ರಲ್ಲಿ ಸೇನೆಯಲ್ಲಿರುವಾಗಲೇ ಕೊರಿಯಾ ಯುದ್ಧಕೈದಿಗಳ ಪ್ರಶ್ನೆಯನ್ನು ಬಗೆಹರಿಸಲು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದರು; 1961ರಲ್ಲಿ ನಿವೃತ್ತರಾದ ಬಳಿಕ 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ, 1965ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಸೈಪ್ರಸ್ ಸರ್ಕಾರದ ನೆಲದಲ್ಲಿದ್ದರೂ ಅವರು ಆ ಸರ್ಕಾರದ ಹುದ್ದೆಯಲ್ಲಿರಲಿಲ್ಲ.

ಹುದ್ದೆಯ ಮಾತು ಹೀಗಾದರೆ ಹಣ ಮತ್ತು ಆತಿಥ್ಯದ ಮಾತು ಇನ್ನಷ್ಟು ಮನೆಮನೆಯದು. 2010ರ ವಿದೇಶಿ ವಂತಿಗೆ (ನಿಯಂತ್ರಣ) ಕಾಯಿದೆಯಂತೆ ಸರ್ಕಾರಿ ನೌಕರರು ವಿದೇಶಿ ಮೂಲದ ವಂತಿಗೆಯನ್ನು ಪಡೆಯಕೂಡದು. ವಿದೇಶಿ ಮೂಲದವರು ಪ್ರಯಾಣ, ಊಟ, ವಸತಿಗಳ ವೆಚ್ಚ ಭರಿಸುವ ಆತಿಥ್ಯವನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಒಪ್ಪಕೂಡದು. ಪರದೇಶದಲ್ಲಿರುವಾಗ ದಿಢೀರನೆ ಕಾಯಿಲೆ ಬಿದ್ದು ಚಿಕಿತ್ಸೆ ಪಡೆದರೆ ಮಾತ್ರ ಅನುಮತಿ ಬೇಡ. ಒಂದು ತಿಂಗಳೊಳಗೆ ತಿಳಿಸಿದರೆ ಸಾಕು. ಮಗನೋ ಮಗಳೋ ಅಮೆರಿಕದಲ್ಲಿರುವ ಶಿಕ್ಷಕ ದಂಪತಿಗಳು ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಭಾರತದ ಪ್ರಜೆಯಾಗಿಯೇ ಉಳಿದ ಮಗ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣ ವಿದೇಶಿ ವಂತಿಗೆಯಲ್ಲ. ಅಲ್ಲಿನ ಪೌರತ್ವ ಪಡೆದ ಮಗ ಕಳುಹಿಸಿದರೂ ರಕ್ತಸಂಬಂಧಿಗಳಿಗೆ ಕಾಯಿದೆಯಲ್ಲಿ ವಿನಾಯಿತಿಯಿದೆ. ಆದರೆ ಅಂಥ ಹಣ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದರೆ ಮೂರು ತಿಂಗಳೊಳಗೆ ಕೇಂದ್ರಕ್ಕೆ ತಿಳಿಸಬೇಕು. 2022ರ ತಿದ್ದುಪಡಿಗೆ ಮೊದಲು ಈ ಮಿತಿ ಒಂದು ಲಕ್ಷವಿತ್ತು.

ನಿವೃತ್ತಿಯೊಂದಿಗೆ 18ನೇ ವಿಧಿಯ ಹಿಡಿತ ಸಡಿಲುತ್ತದೆ, ಏಕೆಂದರೆ ನಿವೃತ್ತನಾದವನು ರಾಜ್ಯದ ಅಧೀನದ ಹುದ್ದೆಯಲ್ಲಿ ಇರುವುದಿಲ್ಲ. ಸುಪ್ರೀಂ ಕೋರ್ಟಿನಿಂದ ನಿವೃತ್ತರಾದ ನ್ಯಾಯಮೂರ್ತಿ ಮದನ್ ಲೋಕೂರ್ ಅವರು 2019ರಲ್ಲಿ ಫಿಜಿ ದೇಶದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದದ್ದು ನಿವೃತ್ತಿಯ ನಂತರದ ಪರದೇಶದ ಹುದ್ದೆಗೆ ಒಂದು ನಿದರ್ಶನ. ಆದರೂ ಕೇಂದ್ರ ಸೇವೆಯ ‘ಎ’ ಗುಂಪಿನ ಅಧಿಕಾರಿಗಳಿಗೆ ನಿವೃತ್ತಿಯ ನಂತರವೂ ಒಂದು ಎಳೆ ಉಳಿಯುತ್ತದೆ. 1972ರ ಕೇಂದ್ರ ಪಿಂಚಣಿ ನಿಯಮಗಳ 12ನೇ ನಿಯಮದಂತೆ, ಅಂಥ ಪಿಂಚಣಿದಾರನು ಭಾರತದ ಹೊರಗಿನ ಯಾವುದೇ ಸರ್ಕಾರದಲ್ಲಿ ಉದ್ಯೋಗ ಹಿಡಿಯಲು ಪೂರ್ವಾನುಮತಿ ಪಡೆಯಬೇಕಾಗಿತ್ತು. ಪಡೆಯದಿದ್ದರೆ ಆ ಉದ್ಯೋಗದ ಅವಧಿಗೆ ಪಿಂಚಣಿ ಸಿಗುತ್ತಿರಲಿಲ್ಲ. ಹೊರಗಿನ ಸರ್ಕಾರವೆಂದರೆ ಅಲ್ಲಿನ ಸ್ಥಳೀಯ ಸಂಸ್ಥೆ, ನಿಗಮ, ಆ ಸರ್ಕಾರದ ಹತೋಟಿಯಲ್ಲಿರುವ ಯಾವುದೇ ಸಂಸ್ಥೆ, ಭಾರತವು ಸದಸ್ಯನಾಗಿಲ್ಲದ ಅಂತರರಾಷ್ಟ್ರೀಯ ಸಂಘಟನೆ ಎಲ್ಲವೂ ಸೇರುತ್ತವೆಂದು ಅದೇ ನಿಯಮ ಬಿಡಿಸಿ ಹೇಳಿತ್ತು. ಇಲ್ಲಿ ಕಾಮನ್‌ವೆಲ್ತ್‌ಗೆ ವಿನಾಯಿತಿಯಿರಲಿಲ್ಲ: ಲಂಡನ್ ಆಗಲಿ ಥಿಂಪು ಆಗಲಿ, ಪಿಂಚಣಿಯ ಲೆಕ್ಕದಲ್ಲಿ ಎರಡೂ ಭಾರತದ ಹೊರಗಿನವೇ.